ಲಾಗಿನ್ ಪರದೆಯಲ್ಲಿ ನಿಮ್ಮ ಮುಖ: ಬಳಕೆದಾರರ ಚಿತ್ರ ಆರಿಸುವ ಬಾಕ್ಸನ್ನು ಹೊಸದಾಗಿ ಕಟ್ಟುವ ಬಗೆ

ಮಂಡ್ಯದಲ್ಲಿ ಒಂದು ಓದುವ ಕೊಠಡಿ ಇದೆ. ಆರು ಕಂಪ್ಯೂಟರ್, 40ಕ್ಕೂ ಹೆಚ್ಚು ಜನ. ಬೆಳಗ್ಗೆ ಪರೀಕ್ಷೆಗೆ ಓದುವ ಹುಡುಗರು ಬರುತ್ತಾರೆ, ಮಧ್ಯಾಹ್ನ ಟೈಪಿಂಗ್ ಕಲಿಯುವ ಹೆಂಗಸರು, ಸಂಜೆ ಶಾಲೆ ಮಕ್ಕಳು. ಅಲ್ಲಿನ ಹಾಜರಿ ಮತ್ತು ಪುಸ್ತಕದ ಲೆಕ್ಕಕ್ಕೆ ನಾನೊಂದು ಸಣ್ಣ ಡೆಸ್ಕ್‌ಟಾಪ್ ತಂತ್ರಾಂಶ ಬರೆದುಕೊಟ್ಟಿದ್ದೇನೆ. ಲಿನಕ್ಸ್ ಮೇಲೆ ಓಡುತ್ತದೆ, ಪೈಥಾನ್ ಭಾಷೆಯಲ್ಲಿ, ಕಿಟಕಿ ಗುಂಡಿಗಳನ್ನು ಕಟ್ಟಿಕೊಡುವ ಜಿಟಿಕೆ 4 ಎಂಬ ಸಲಕರಣೆ ಬಳಸಿ ಬರೆದದ್ದು. ತೆರೆದ ಕೂಡಲೇ ಎಲ್ಲರ ಚಿತ್ರಗಳೂ ಸಾಲಾಗಿ ಬರುತ್ತವೆ. ತಮ್ಮ ಚಿತ್ರ ಒತ್ತಿ, ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕು.

ಒಂದು ಶನಿವಾರ ಬೆಳಗಿನ ರೈಲಿಗೆ ಮೈಸೂರಿನಿಂದ ಹೋಗಿದ್ದೆ. ಟೈಲರಿಂಗ್ ಮಾಡುವ ಅಕ್ಕ ಒಬ್ಬರು ಚಿತ್ರ ಬದಲಿಸಲು ಹೆಣಗುತ್ತಿದ್ದರು. ನನ್ನ ಕಡೆ ತಿರುಗಿ, "ಇದ್ಯಾಕ್ ಸಾ, ನನ್ ಫೋಟೋ ಹಾಕ್ಬೇಕು ಅಂದ್ರೆ ಗಿಟಾರ್ ತೋರುಸ್ತದೆ?" ಅಂದರು.

ಅವರ ಪ್ರಶ್ನೆ ಸರಿಯಾಗಿತ್ತು. ನಾನು ಬರೆದಿದ್ದ ಬಾಕ್ಸ್‌ನಲ್ಲಿ ಮೊದಲು ಕಾಣುತ್ತಿದ್ದದ್ದು ಗಿಟಾರ್, ಫುಟ್‌ಬಾಲ್, ಹಿಮದ ಬೆಟ್ಟ, ಕೆಂಪು ಕಾರು. ಅದರ ಕೆಳಗೆ ಮೂಲೆಯಲ್ಲಿ ಒಂದು ಗುಂಡಿ, ಅದನ್ನು ಒತ್ತಿದರೆ ಕಡತಗಳ ಪಟ್ಟಿ. "ಯಾವ ಕಡತ ಬೇಕು?" ಎಂದು ನನ್ನ ತಂತ್ರಾಂಶ ಕೇಳುತ್ತಿತ್ತು. ಆ ಅಕ್ಕನ ಮನಸ್ಸಿನಲ್ಲಿ ಇದ್ದದ್ದು ಕಡತ ಅಲ್ಲ, ಅವರ ಮುಖ. ಆ ಬಾಕ್ಸನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಹೇಗೆ ಕಟ್ಟಿದೆ ಅನ್ನುವುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವು ಯಾವ ಭಾಷೆಯಲ್ಲಿ ತಂತ್ರಾಂಶ ಬರೆದರೂ ಇದರಲ್ಲಿ ಬಹುಪಾಲು ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಚಿತ್ರ ಎಲ್ಲೆಲ್ಲಿ ಕಾಣುತ್ತದೆ ಅಂತ ಬರೆದುಕೊಳ್ಳಿ

ಬಾಕ್ಸಿನ ನಕ್ಷೆ ಹಾಕುವುದಕ್ಕೆ ಮುಂಚೆ ಈ ಕೆಲಸ ಆಗಬೇಕು. ಆರಿಸಿದ ಚಿತ್ರ ಕೊನೆಗೆ ಎಲ್ಲಿ ಹೋಗಿ ಕೂರುತ್ತದೆ? ನನ್ನ ತಂತ್ರಾಂಶದಲ್ಲಿ ಮೂರು ಜಾಗ: ಒಳಗೆ ಬರುವ ಪರದೆಯಲ್ಲಿ 128 ಪಿಕ್ಸೆಲ್, ಹಾಜರಿ ಪಟ್ಟಿಯಲ್ಲಿ 40, ಮೇಲಿನ ಮೂಲೆಯಲ್ಲಿ 24. ಮೂರೂ ಕಡೆ ಚಿತ್ರ ದುಂಡಗೆ ಕಾಣುತ್ತದೆ.

ಇದನ್ನು ಕಾಗದದ ಮೇಲೆ ಬರೆದಾಗಲೇ ಒಂದು ತಪ್ಪು ಕಣ್ಣಿಗೆ ಬಿತ್ತು. ಹಳೆಯ ಬಾಕ್ಸ್‌ನಲ್ಲಿ ಮಾದರಿ ಚಿತ್ರ ಚೌಕವಾಗಿತ್ತು, 200 ಪಿಕ್ಸೆಲ್ ದೊಡ್ಡದಾಗಿತ್ತು. ಅಲ್ಲಿ ಚೆನ್ನಾಗಿ ಕಂಡ ಫೋಟೋ ಪಟ್ಟಿಯಲ್ಲಿ 40 ಪಿಕ್ಸೆಲ್‌ನ ದುಂಡಗಿನ ಚುಕ್ಕೆಯಾದಾಗ ಮುಖವೇ ಕಾಣುತ್ತಿರಲಿಲ್ಲ. ಇಡೀ ಸಂಸಾರ ಕೆಆರ್‌ಎಸ್ ಬೃಂದಾವನದ ಮುಂದೆ ನಿಂತ ಫೋಟೋ ಹಾಕಿಕೊಂಡವರು ನಾಲ್ಕು ಜನ ಇದ್ದರು. ಪಟ್ಟಿಯಲ್ಲಿ ನಾಲ್ಕೂ ಒಂದೇ ಥರ ಹಸಿರು ಚುಕ್ಕೆ.

ಹೊಸ ಬಾಕ್ಸ್‌ನಲ್ಲಿ ಹಾಗಾಗಿ ಮೂರು ಅಳತೆಯನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತೇನೆ. ದೊಡ್ಡದು, ನಡುವಿನದು, ಚಿಕ್ಕದು. ಏನೂ ವಿವರಣೆ ಬೇಡ. ಚಿಕ್ಕದರಲ್ಲಿ ತನ್ನ ಮುಖ ಕಾಣದಿದ್ದರೆ ಜನ ತಾವಾಗಿಯೇ ಫೋಟೋವನ್ನು ಹಿಗ್ಗಿಸುತ್ತಾರೆ.

ಉಳಿಸುವಾಗ 512ಕ್ಕೆ 512 ಪಿಕ್ಸೆಲ್ ಚೌಕವಾಗಿ ಉಳಿಸಿ. 128 ಸಾಕಲ್ವಾ ಅನ್ನಿಸಬಹುದು. ಆದರೆ ಎರಡು ಪಟ್ಟು ಸಾಂದ್ರತೆಯ ಪರದೆಯಲ್ಲಿ 128ರ ಜಾಗಕ್ಕೆ 256 ಪಿಕ್ಸೆಲ್ ಬೇಕು. ಮುಂದೆ ಗುರುತಿನ ಚೀಟಿ ಮುದ್ರಿಸಬೇಕು ಅಂದರೂ 512 ಇದ್ದರೆ ಒದಗುತ್ತದೆ. ಇನ್ನೊಂದು ಮಾತು: ಚೌಕವಾಗಿಯೇ ಉಳಿಸಿ, ತೋರಿಸುವಾಗ ಮಾತ್ರ ದುಂಡು ಮಾಡಿ. ಕಡತವನ್ನೇ ದುಂಡಗೆ ಕತ್ತರಿಸಿಬಿಟ್ಟರೆ ನಾಳೆ ವಿನ್ಯಾಸ ಬದಲಾದಾಗ ಮೂಲೆಗಳು ವಾಪಸ್ ಬರುವುದಿಲ್ಲ.

ಎರಡನೇ ಹೆಜ್ಜೆ: ಪಕ್ಕದಲ್ಲಿ ಕೂತು ನೋಡಿ, ಮಾತಾಡಬೇಡಿ

ಮೂರು ಜನರನ್ನು ಬೇರೆಬೇರೆಯಾಗಿ ಕೂರಿಸಿ, "ನಿಮ್ಮ ಚಿತ್ರ ಬದಲಾಯಿಸಿ" ಅಂತ ಮಾತ್ರ ಹೇಳಿ ಸುಮ್ನೆ ಕೂತೆ. ಮೌಸ್ ಎಲ್ಲಿ ನಿಂತಿತು, ಏನು ಅಂದರು, ಎಷ್ಟು ಸಲ ಒತ್ತಿದರು ಅನ್ನುವುದನ್ನಷ್ಟೇ ಬರೆದುಕೊಂಡೆ. ಸಹಾಯ ಮಾಡದೆ ಕೂರುವುದು ಕಷ್ಟ, ಆದರೂ ಕೂರಬೇಕು.

ಓದುವ ಹುಡುಗನಿಗೆ ಒಂಬತ್ತು ಸಲ ಒತ್ತಬೇಕಾಯಿತು. ನಿವೃತ್ತರಾದ ಮೇಷ್ಟ್ರು ಒಬ್ಬರು ಮಾದರಿ ಚಿತ್ರದ ಮೇಲೆಯೇ ಮತ್ತೆ ಮತ್ತೆ ಒತ್ತಿದರು. ಅದನ್ನು ಒತ್ತಿದರೆ ಬದಲಾಗಬೇಕು ಅಂತ ಅವರ ಲೆಕ್ಕ. ನ್ಯಾಯವಾದ ಲೆಕ್ಕವೇ. ಟೈಲರಿಂಗ್ ಅಕ್ಕ ಕಡತದ ಪಟ್ಟಿ ಬಂದ ಕೂಡಲೇ ಕೈ ತೆಗೆದುಬಿಟ್ಟರು, "ಏನಾರ ಕೆಟ್ಟೋಗ್ಬುಟ್ರೆ?" ಅಂದರು.

ಆ ಭಯವನ್ನು ನಾನು ಮೊದಲು ಲೆಕ್ಕಕ್ಕೆ ಹಿಡಿದಿರಲೇ ಇಲ್ಲ. ಹೊಸ ಬಾಕ್ಸ್‌ನಲ್ಲಿ "ಹಿಂದಿನ ಚಿತ್ರವೇ ಇರಲಿ" ಎಂಬ ಗುಂಡಿ ಮೊದಲಿನಿಂದ ಕೊನೆಯವರೆಗೂ ಒಂದೇ ಜಾಗದಲ್ಲಿ ಇರುತ್ತದೆ. ಬದಲಿಸಿ ಹೊರಗೆ ಬಂದ ಮೇಲೂ ಕೆಲವು ಕ್ಷಣ ಪರದೆಯ ಕೆಳಗೆ "ಚಿತ್ರ ಬದಲಾಯಿತು. ಹಿಂದಿನದೇ ಬೇಕೇ?" ಅಂತ ಒಂದು ಪಟ್ಟಿ ನಿಲ್ಲುತ್ತದೆ.

ಮೂರನೇ ಹೆಜ್ಜೆ: ಕಾಗದದ ಮೇಲೆ ಜೋಡಣೆ

ಕಂಪ್ಯೂಟರ್ ಮುಟ್ಟಬೇಡಿ. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ನನ್ನ ಕೊನೆಯ ನಕ್ಷೆ ಹೀಗಿದೆ. ಮೇಲೆ ಮಧ್ಯದಲ್ಲಿ ಈಗಿನ ಚಿತ್ರ, ಪಕ್ಕದಲ್ಲಿ ಎರಡು ಚಿಕ್ಕ ಮಾದರಿ. ಕೆಳಗೆ ಮೂರು ದೊಡ್ಡ ಗುಂಡಿ: "ಈಗಲೇ ಫೋಟೋ ತೆಗೆಯಿರಿ", "ಇರುವ ಫೋಟೋ ಹಾಕಿ", "ಬರೆದ ಚಿತ್ರ ಆರಿಸಿ". ಅದರ ಕೆಳಗೆ ಸಣ್ಣದಾಗಿ "ಚಿತ್ರ ಬೇಡ, ಹೆಸರಿನ ಅಕ್ಷರ ಸಾಕು". ಮೇಷ್ಟ್ರು ಒತ್ತಿದಂತೆ ದೊಡ್ಡ ಚಿತ್ರವನ್ನೇ ಒತ್ತಿದರೂ ಫೋಟೋ ಹಾಕುವ ದಾರಿ ತೆರೆಯುತ್ತದೆ.

ಮುಖ ಮೊದಲು, ಗಿಟಾರ್ ಆಮೇಲೆ. ಹಳೆಯದರಲ್ಲಿ ಅದು ತಲೆಕೆಳಗಾಗಿತ್ತು.

ಅಲ್ಲಿನ ಪರದೆಗಳು 1366ಕ್ಕೆ 768. ಕನ್ನಡದ ಸಾಲು ಇಂಗ್ಲಿಷಿನ ಸಾಲಿಗಿಂತ ಎತ್ತರ, ಮೇಲೆ ಗುಡಿಸು, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು. ಇಂಗ್ಲಿಷ್ ಪದ ಇಟ್ಟು ಅಳತೆ ಮಾಡಿದ ಬಾಕ್ಸ್, ಕನ್ನಡ ಹಾಕಿದ ಕೂಡಲೇ ಕೆಳಗಿನ ಗುಂಡಿಯನ್ನು ಪರದೆಯ ಆಚೆಗೆ ತಳ್ಳಿತು. ನಕ್ಷೆ ಹಾಕುವಾಗಲೇ ಕನ್ನಡದ ಮಾತನ್ನು ಬರೆದು ಅಳೆಯಿರಿ. ಗುಂಡಿಗೆ ಇಷ್ಟೇ ಅಗಲ ಅಂತ ಕಟ್ಟಿಹಾಕಬೇಡಿ.

ಮಾತುಗಳ ಬಗ್ಗೆ ಒಂದು ಕಿವಿಮಾತು

ಇಂಗ್ಲಿಷಿನಲ್ಲಿ ಇಂಥ ಚಿತ್ರಕ್ಕೆ ಅವತಾರ್ ಅನ್ನುತ್ತಾರೆ. ಅದು ನಮ್ಮ ಕಡೆಯಿಂದಲೇ ಹೋದ ಪದ, ಹಾಗಾಗಿ "ಅವತಾರ" ಅಂತ ಇಟ್ಟರೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ. ನಮ್ಮಲ್ಲಿ "ಏನಿದು ನಿನ್ನ ಅವತಾರ?" ಅಂದರೆ ತಲೆ ಕೆದರಿದೆ, ಬಟ್ಟೆ ಕೊಳೆಯಾಗಿದೆ ಅಂತ ಅರ್ಥ. "ನಿಮ್ಮ ಅವತಾರವನ್ನು ಬದಲಾಯಿಸಿ" ಅಂತ ಪರದೆ ಹೇಳಿದರೆ ಬೈದಂತೆಯೇ ಆಗುತ್ತದೆ. "ನಿಮ್ಮ ಚಿತ್ರ" ಅಂತ ಇಟ್ಟೆ. ಕ್ಯಾಮೆರಾದಲ್ಲಿ ತೆಗೆದದ್ದಕ್ಕೆ ಮಾತ್ರ "ಫೋಟೋ", ಬರೆದದ್ದೂ ಸೇರಿದರೆ "ಚಿತ್ರ". ಈ ವ್ಯತ್ಯಾಸ ಎಲ್ಲರಿಗೂ ತಾನಾಗಿ ಗೊತ್ತಾಗುತ್ತದೆ.

"ಅನ್ವಯಿಸು", "ರದ್ದುಗೊಳಿಸು" ಎಂಬ ಗುಂಡಿಗಳನ್ನೂ ತೆಗೆದೆ. ಅವುಗಳ ಜಾಗದಲ್ಲಿ ಈಗ "ಇದನ್ನೇ ಇಡಿ" ಮತ್ತು "ಹಿಂದಿನ ಚಿತ್ರವೇ ಇರಲಿ" ಇವೆ. ಒತ್ತಿದರೆ ಏನಾಗುತ್ತದೆ ಅನ್ನುವುದು ಗುಂಡಿಯ ಮೇಲೆಯೇ ಇರಬೇಕು.

ನಾಲ್ಕನೇ ಹೆಜ್ಜೆ: ಬರೆದ ಚಿತ್ರಗಳನ್ನು ಆರಿಸುವುದು

ಮುಖ ತೋರಿಸಲು ಇಷ್ಟ ಇಲ್ಲದವರು ಎಲ್ಲ ಕಡೆ ಇರುತ್ತಾರೆ. ಹತ್ತಾರು ಜನ ಬಳಸುವ ಕಂಪ್ಯೂಟರಿನಲ್ಲಿ ತಮ್ಮ ಫೋಟೋ ಬೇಡ ಅಂತ ಹಲವು ಹೆಂಗಸರು ನನಗೆ ನೇರವಾಗಿಯೇ ಹೇಳಿದರು. ಮಕ್ಕಳ ವಿಷಯದಲ್ಲಂತೂ ಮನೆಯವರ ಒಪ್ಪಿಗೆ ಇಲ್ಲದೆ ಫೋಟೋ ಇಡಲೇಬಾರದು. ಅಂಥವರಿಗೆ ಚೆಂದದ ಚಿತ್ರಗಳನ್ನು ಕೊಡುವುದು ನಮ್ಮ ಜವಾಬ್ದಾರಿ. ಫೋಟೋ ಇಲ್ಲದವರಿಗೆ ಬೂದು ಬಣ್ಣದ ಗೊಂಬೆ ಇಟ್ಟು ಕೈತೊಳೆದುಕೊಳ್ಳಬಾರದು.

ನಾನು 16 ಚಿತ್ರ ಇಟ್ಟಿದ್ದೇನೆ. ಜಾಸ್ತಿ ಇಟ್ಟರೆ ಆರಿಸುವುದೇ ಕಷ್ಟ, ಪರದೆಯನ್ನು ಕೆಳಕ್ಕೆ ಸರಿಸಬೇಕಾಗುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು. ಏನೇನು ಇಡಬೇಕು ಅನ್ನುವುದನ್ನು ಅಲ್ಲಿನವರನ್ನೇ ಕೇಳಿದೆ. ಕಬ್ಬಿನ ಜಲ್ಲೆ, ಅಚ್ಚು ಬೆಲ್ಲ, ಎತ್ತಿನ ಗಾಡಿ, ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಹೊಲಿಗೆ ಮೆಷಿನ್, ವೀಣೆ, ಚನ್ನಪಟ್ಟಣದ ಮರದ ಕುದುರೆ. ಹಕ್ಕಿಗಳಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಈ ಎರಡೂ ಹಕ್ಕಿ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ, ಮಕ್ಕಳಿಗೆ ದೂರದಿಂದಲೇ ಗುರುತು ಸಿಗುತ್ತದೆ.

ದುಂಡಗಿನ ಜಾಗದಲ್ಲಿ ಚಿತ್ರ ಕೂರಿಸುವುದು ಹೇಗೆ ಅನ್ನುವುದಕ್ಕೆ ಮೈಸೂರಿನಲ್ಲೇ ಒಳ್ಳೆಯ ಪಾಠ ಇದೆ. ಗಂಜೀಫಾ ಎಲೆಗಳನ್ನು ನೋಡಿ. ಕೈಯಲ್ಲಿ ಬರೆದ, ದುಂಡಗಿನ ಆಟದ ಎಲೆಗಳು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಕಾಲದಲ್ಲಿ ಈ ಆಟಕ್ಕೆ ಅರಮನೆಯ ಆಶ್ರಯ ಸಿಕ್ಕಿತ್ತು. ಆ ಎಲೆ ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕದು, ಆದರೂ ದೂರದಿಂದ ಯಾವ ಎಲೆ ಅಂತ ಗೊತ್ತಾಗುತ್ತದೆ. ಕಾರಣ, ಬರೆಯುವವರು ಚೌಕದಲ್ಲಿ ಬರೆದು ಆಮೇಲೆ ದುಂಡಗೆ ಕತ್ತರಿಸಲಿಲ್ಲ. ಮೊದಲ ಗೆರೆಯಿಂದಲೇ ಸುತ್ತು ಅವರ ಕಣ್ಣ ಮುಂದಿತ್ತು. ಒಂದು ಆಕೃತಿ ನಡುವೆ, ಅಂಚಿಗೆ ಬೇರೆ ಬಣ್ಣದ ಬಳೆ, ನೆಲಕ್ಕೆ ಒಂದೇ ಬಣ್ಣ. ನಾನು ಇದನ್ನೇ ನಿಯಮ ಮಾಡಿಕೊಂಡೆ. ಒಂದು ಚಿತ್ರದಲ್ಲಿ ಒಂದೇ ವಸ್ತು, ಹಿಂದೆ ಒಂದೇ ಬಣ್ಣ, 24 ಪಿಕ್ಸೆಲ್‌ಗೆ ಇಳಿಸಿದಾಗ ಗುರುತು ಸಿಗದಿದ್ದರೆ ಆ ಚಿತ್ರ ಬೇಡ. ರಸಬಾಳೆಯ ಗೊನೆ ಈ ಪರೀಕ್ಷೆಯಲ್ಲಿ ಸೋತಿತು, ಬಿಡಿ ಹಣ್ಣು ಗೆದ್ದಿತು.

ಬಣ್ಣದಿಂದ ಮಾತ್ರ ಬೇರೆಯಾಗುವ ಚಿತ್ರ ಇಡಬೇಡಿ. ಕೆಂಪು ಹೂವು, ಹಸಿರು ಹೂವು ಅಂತ ಎರಡು ಇಟ್ಟರೆ ಆ ಬಣ್ಣಗಳ ವ್ಯತ್ಯಾಸ ಕಾಣದವರಿಗೆ ಎರಡೂ ಒಂದೇ. ಆಕಾರವೇ ಬೇರೆ ಇರಲಿ.

ಪ್ರತಿ ಚಿತ್ರಕ್ಕೂ ಕನ್ನಡದಲ್ಲಿ ಒಂದು ಹೆಸರು ಕೊಡಿ. ಕಣ್ಣು ಕಾಣದವರು ಓರ್ಕಾದಂಥ ಪರದೆ ಓದುವ ತಂತ್ರಾಂಶ ಬಳಸುತ್ತಾರೆ. ಅದರ ಹಿಂದೆ ದನಿ ಕೊಡುವ ಈಸ್ಪೀಕ್ ಎನ್‌ಜಿಗೆ ಕನ್ನಡ ಓದಲು ಬರುತ್ತದೆ. ಹೆಸರು ಕೊಡದಿದ್ದರೆ ಹದಿನಾರು ಗುಂಡಿಗಳಲ್ಲಿ ಯಾವುದು ಮಲ್ಲಿಗೆ, ಯಾವುದು ವೀಣೆ ಅಂತ ಕೇಳಿಸಿಕೊಳ್ಳುವವರಿಗೆ ತಿಳಿಯುವುದೇ ಇಲ್ಲ. "ಮಲ್ಲಿಗೆ", "ವೀಣೆ" ಅಂತ ಒಂದೊಂದು ಪದ ಬರೆಯಲು ಹತ್ತು ನಿಮಿಷ ಸಾಕು.

ಐದನೇ ಹೆಜ್ಜೆ: ಇರುವ ಫೋಟೋ ಹಾಕುವ ದಾರಿ

ತೊಂದರೆಗಳೆಲ್ಲ ಇಲ್ಲೇ ಇವೆ. ನಿಧಾನವಾಗಿ ನೋಡಿ.

ಕಡತ ಆರಿಸಲು ನೀವೇ ಕಿಟಕಿ ಕಟ್ಟಬೇಡಿ. ಜಿಟಿಕೆ 4.10ರಿಂದ ಫೈಲ್ ಡೈಲಾಗ್ ಎಂಬ ತಯಾರಾದ ವಸ್ತು ಇದೆ, ತಂತ್ರಾಂಶವನ್ನು ಪ್ರತ್ಯೇಕ ಕಟ್ಟಿನೊಳಗೆ ಓಡಿಸುವ ಫ್ಲಾಟ್‌ಪ್ಯಾಕ್ ಒಳಗಿಂದಲೂ ಅದು ಸರಿಯಾಗಿ ಕೆಲಸ ಮಾಡುತ್ತದೆ. ಚಿತ್ರದ ಕಡತಗಳಷ್ಟೇ ಕಾಣುವಂತೆ ಸೋಸಿ. ಶುರುವಿನ ಜಾಗ ಪಿಕ್ಚರ್ಸ್ ಫೋಲ್ಡರ್ ಅಂತ ಇಡುವುದು ವಾಡಿಕೆ. ಆದರೆ ಜನರ ಫೋಟೋ ನಿಜಕ್ಕೂ ಇರುವುದು ಡೌನ್‌ಲೋಡ್ಸ್‌ನಲ್ಲಿ, ಯಾಕಂದರೆ ವಾಟ್ಸಾಪ್ ವೆಬ್‌ನಿಂದ ಇಳಿಸಿಕೊಂಡಿರುತ್ತಾರೆ. ಇಲ್ಲವೇ ಪೆನ್‌ಡ್ರೈವ್‌ನಲ್ಲಿ. ಹಾಗಾಗಿ ಬಾಕ್ಸ್‌ನಲ್ಲಿಯೇ ಡೌನ್‌ಲೋಡ್ಸ್‌ನ ಇತ್ತೀಚಿನ ಎಂಟು ಚಿತ್ರಗಳನ್ನು ತೋರಿಸುತ್ತೇನೆ, "ಬೇರೆ ಕಡೆ ಹುಡುಕಿ" ಅಂತ ಕೊನೆಗೊಂದು ಗುಂಡಿ. ಹೆಚ್ಚಿನವರಿಗೆ ಕಡತದ ಪಟ್ಟಿಯ ಮುಖ ನೋಡುವ ಕೆಲಸವೇ ಬರುವುದಿಲ್ಲ.

ಆ ಎಂಟನ್ನು ತೋರಿಸುವಾಗ ಮೂಲ ಫೋಟೋ ಪೂರ್ತಿ ತೆರೆಯಬೇಡಿ. ಫೋನಿನ ಒಂದು ಫೋಟೋ 4000ಕ್ಕೆ 3000 ಪಿಕ್ಸೆಲ್ ಇದ್ದರೆ, ಬಿಚ್ಚಿದಾಗ ಪಿಕ್ಸೆಲ್‌ಗೆ 4 ಬೈಟ್‌ನಂತೆ 48 ಎಂಬಿ ಮೆಮೊರಿ ತಿನ್ನುತ್ತದೆ. ಎಂಟಕ್ಕೆ 384 ಎಂಬಿ. 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರ ಅಲ್ಲೇ ಏದುಸಿರು ಬಿಡುತ್ತದೆ. ಓದುವಾಗಲೇ ಚಿಕ್ಕದು ಮಾಡಿ ಓದುವ ಕರೆ (ಫಂಕ್ಷನ್) ಚಿತ್ರ ತೆರೆಯುವ ಹೆಚ್ಚಿನ ಕೋಡ್ ಗ್ರಂಥಾಲಯಗಳಲ್ಲಿ (ಲೈಬ್ರರಿ) ಇರುತ್ತದೆ, ಅದನ್ನು ಬಳಸಿ.

ಮುಂದಿನದು ಮಲಗಿದ ಫೋಟೋ. ಫೋನ್ ನಿಲ್ಲಿಸಿ ಹಿಡಿದು ತೆಗೆದರೂ ಹಲವು ಫೋನುಗಳು ಚಿತ್ರವನ್ನು ಅಡ್ಡಡ್ಡವಾಗಿಯೇ ಉಳಿಸಿ, ತಿರುಗಿಸಿ ತೋರಿಸು ಅಂತ ಕಡತದೊಳಗೇ ಇರುವ ಎಕ್ಸಿಫ್ ಎಂಬ ಟಿಪ್ಪಣಿಯಲ್ಲಿ 1ರಿಂದ 8ರವರೆಗಿನ ಒಂದು ಅಂಕೆ ಬರೆಯುತ್ತವೆ. 6 ಅಂದರೆ ಬಲಕ್ಕೆ ಕಾಲು ಸುತ್ತು ತಿರುಗಿಸಿ ಅಂತ. ಈ ಅಂಕೆ ಓದದಿದ್ದರೆ ಮೇಷ್ಟ್ರು ಪಕ್ಕಕ್ಕೆ ಮಲಗಿರುತ್ತಾರೆ. ಅದಕ್ಕೆ ಪೈಥಾನಿನ ಪಿಲ್ಲೋ ಎಂಬ ಚಿತ್ರದ ಗ್ರಂಥಾಲಯದಲ್ಲಿ ಎಕ್ಸಿಫ್ ಟ್ರಾನ್ಸ್‌ಪೋಸ್ ಎಂಬ ಒಂದು ಕರೆ ಇದೆ, ಜಿಟಿಕೆ ಜೊತೆ ಬಳಸುವ ಜಿಡಿಕೆ ಪಿಕ್ಸ್‌ಬಫ್‌ನಲ್ಲೂ ಅಂಥದ್ದೇ ಒಂದು ಇದೆ. ಕತ್ತರಿಸುವುದಕ್ಕೆ ಮುಂಚೆ ಇದನ್ನು ಮಾಡಿ, ಆಮೇಲೆ ಅಲ್ಲ. ಅದೇ ಟಿಪ್ಪಣಿಯಲ್ಲಿ ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶವೂ ಇರಬಹುದು. ಯಾರದೋ ಮನೆಯ ವಿಳಾಸ ಅದು. ತಿರುಗಿಸಿದ ಮೇಲೆ ಟಿಪ್ಪಣಿಯನ್ನು ಪೂರ್ತಿ ಅಳಿಸಿ ಉಳಿಸಿ.

ಐಫೋನ್ 2017ರ ಐಒಎಸ್ 11ರಿಂದ ಎಚ್‌ಇಐಸಿ ಎಂಬ ಬಗೆಯಲ್ಲಿ ಫೋಟೋ ಉಳಿಸುತ್ತದೆ. ಅದನ್ನು ಓದುವ ಪೊಟ್ಟಣ (ಪ್ಯಾಕೇಜ್) ನಿಮ್ಮ ಯಂತ್ರದಲ್ಲಿ ಇಲ್ಲದಿದ್ದರೆ "ದೋಷ" ಅಂತ ಬರೀ ಒಂದು ಪದ ತೋರಿಸಬೇಡಿ. "ಈ ಬಗೆಯ ಫೋಟೋ ಇಲ್ಲಿ ತೆರೆಯುವುದಿಲ್ಲ. ವಾಟ್ಸಾಪ್‌ನಲ್ಲಿ ನಿಮಗೇ ಫೋಟೋವಾಗಿ ಕಳಿಸಿಕೊಂಡು ಅದನ್ನು ಹಾಕಿ" ಅಂತ ಬರೆದೆ. ಅಲ್ಲಿಂದ ಬರುವಾಗ ಅದು ಜೆಪೆಗ್ ಆಗಿರುತ್ತದೆ.

ಆರನೇ ಹೆಜ್ಜೆ: ಕತ್ತರಿಸುವುದು

ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ. ಅರ್ಜಿ ತುಂಬಲು ಸ್ಟುಡಿಯೋದಲ್ಲಿ ತೆಗೆಸಿದ್ದು, ಪೆನ್‌ಡ್ರೈವ್‌ನಲ್ಲೇ ಕೊಟ್ಟಿರುತ್ತಾರೆ. ಅದರ ಸಾಮಾನ್ಯ ಅಳತೆ 35ಕ್ಕೆ 45 ಮಿಲಿಮೀಟರ್. ಚೌಕ ಮಾಡಬೇಕಾದರೆ ಎತ್ತರದಲ್ಲಿ 10 ಮಿ.ಮೀ. ಬಿಡಬೇಕು. ನನ್ನ ಹಳೆಯ ಲೆಕ್ಕ ಮಧ್ಯಕ್ಕೆ ಹಿಡಿದು ಮೇಲೆ 5, ಕೆಳಗೆ 5 ಕತ್ತರಿಸುತ್ತಿತ್ತು. ಎಲ್ಲರ ತಲೆಕೂದಲೂ ಹೋಗುತ್ತಿತ್ತು. ಮೇಲೆ 2, ಕೆಳಗೆ 8 ಅಂತ ಬದಲಿಸಿದೆ. ಎತ್ತರದ ಯಾವ ಫೋಟೋಗಾದರೂ ಇದೇ ಲೆಕ್ಕ: ಹೆಚ್ಚಾದದ್ದರಲ್ಲಿ ಐದನೇ ಒಂದು ಪಾಲು ಮೇಲಿಂದ, ಉಳಿದದ್ದು ಕೆಳಗಿಂದ. ಮುಖ ಗುರುತಿಸುವ ದೊಡ್ಡ ವ್ಯವಸ್ಥೆ ಯಾವುದೂ ಬೇಕಾಗಲಿಲ್ಲ. ಹೆಚ್ಚಿನವರು ಏನೂ ಮುಟ್ಟದೆ "ಇದನ್ನೇ ಇಡಿ" ಒತ್ತುತ್ತಾರೆ.

ಮುಟ್ಟುವವರಿಗೆ ದಾರಿ ಸುಲಭವಾಗಿರಲಿ. ಸುತ್ತು ನಿಂತಲ್ಲೇ ನಿಲ್ಲಲಿ, ಅದರ ಹಿಂದೆ ಫೋಟೋ ಸರಿಯಲಿ. ಹಳೆಯ ಬಗೆಯಲ್ಲಿ ಮೂಲೆ ಹಿಡಿದು ಚೌಕವನ್ನು ಎಳೆಯಬೇಕಿತ್ತು, ಆ ಮೂಲೆ ಹಿಡಿಯುವುದೇ ಸಾಹಸ. ಹಿಗ್ಗಿಸಲು ಕುಗ್ಗಿಸಲು ಮೌಸ್ ಚಕ್ರ ಸಾಲದು, ಎದುರಿಗೇ ಕೂಡು ಕಳೆ ಗುಂಡಿ ಇರಲಿ. ಕೀಬೋರ್ಡಿನ ಬಾಣದ ಕೀಲಿಗಳಿಂದಲೂ ಸರಿಯಬೇಕು. ಹೊರಗೆ ಹೋಗುವ ಭಾಗವನ್ನು ಪೂರ್ತಿ ಮರೆಮಾಡಬೇಡಿ, ಮಬ್ಬಾಗಿ ತೋರಿಸಿ. ಏನು ಬಿಡುತ್ತಿದ್ದೇವೆ ಅಂತ ಕಾಣಬೇಕಲ್ವಾ?

ಕ್ಯಾಮೆರಾ

ಇದು ಚಿಕ್ಕ ಕೆಲಸ. ಯಂತ್ರಕ್ಕೆ ವೆಬ್‌ಕ್ಯಾಮ್ ಇಲ್ಲದಿದ್ದರೆ ಆ ಗುಂಡಿಯೇ ಕಾಣದಿರಲಿ, ಸಿಕ್ಕಿಸಿದ ಕೂಡಲೇ ಬರಲಿ. ತೆಗೆಯುವಾಗ ಕನ್ನಡಿಯಂತೆ ಎಡಬಲ ತಿರುಗಿಸಿ ತೋರಿಸಿ, ಜನ ಕನ್ನಡಿ ನೋಡಿಯೇ ತಲೆ ಬಾಚಿ ಅಭ್ಯಾಸ. ಉಳಿಸುವಾಗ ಮಾತ್ರ ನಿಜದ ಎಡಬಲ ಇರಲಿ, ಇಲ್ಲದಿದ್ದರೆ ಅಂಗಿಯ ಮೇಲಿನ ಬರಹ ಉಲ್ಟಾ ಆಗುತ್ತದೆ. ಒತ್ತಿದ ಮೇಲೆ ಮೂರು ಎಣಿಸಿ. ಬಾಕ್ಸ್ ಮುಚ್ಚಿದ ಕೂಡಲೇ ಕ್ಯಾಮೆರಾದ ದೀಪ ಆರಬೇಕು, ಇದನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ.

ಏಳನೇ ಹೆಜ್ಜೆ: ಚಿತ್ರ ಬೇಡ ಅಂದವರಿಗೆ ಕನ್ನಡದ ಅಕ್ಷರ

ನನಗೆ ಅತಿ ಹೆಚ್ಚು ದಿನ ಹಿಡಿದ ಭಾಗ ಇದು, ಇಷ್ಟವಾದದ್ದೂ ಇದೇ.

ಚಿತ್ರ ಇಲ್ಲದಿದ್ದರೆ ಹೆಸರಿನ ಅಕ್ಷರವನ್ನು ಬಣ್ಣದ ಸುತ್ತಿನೊಳಗೆ ತೋರಿಸುವುದು ಈಗ ಎಲ್ಲ ಕಡೆ ಇರುವ ಪದ್ಧತಿ. ಜಿಟಿಕೆ ಜೊತೆ ಬಳಸುವ ಲಿಬ್‌ಅಡ್ವೈಟಾ ಎಂಬ ಗ್ರಂಥಾಲಯದಲ್ಲಿ ಇದಕ್ಕೆ ತಯಾರಾದ ವಿಜೆಟ್ (ಪರದೆಯ ಮೇಲೆ ಇಡುವ ಭಾಗ) ಇದೆ. ಅದು ಹೆಸರಿನ ಮೊದಲ ಯೂನಿಕೋಡ್ ಸಂಕೇತವನ್ನೂ (ಕಂಪ್ಯೂಟರ್ ಅಕ್ಷರವನ್ನು ನೆನಪಿಡುವ ಬಿಡಿ ತುಂಡು) ಕೊನೆಯ ಪದದ ಮೊದಲ ಸಂಕೇತವನ್ನೂ ತೆಗೆದು ಜೋಡಿಸುತ್ತದೆ. ಇಂಗ್ಲಿಷ್ ಹೆಸರಿಗೆ ಸರಿ. ಕನ್ನಡಕ್ಕೆ ಎರಡು ಕಡೆ ಎಡವುತ್ತದೆ.

ಮೊದಲನೆಯದು ಅಕ್ಷರ. "ಶ್ರೀಧರ" ಅನ್ನುವ ಹೆಸರು ತೆಗೆದುಕೊಳ್ಳಿ. ನಮಗೆ "ಶ್ರೀ" ಒಂದು ಅಕ್ಷರ. ಕಂಪ್ಯೂಟರಿನ ಒಳಗೆ ಅದು ನಾಲ್ಕು ಸಂಕೇತ: ಶ, ವಿರಾಮ (ಅರ್ಧಾಕ್ಷರ ಮಾಡುವ "್" ಗುರುತು), ರ, ಈಕಾರದ ಗುರುತು. ಮೊದಲ ಸಂಕೇತ ಮಾತ್ರ ತೆಗೆದರೆ "ಶ" ಉಳಿಯುತ್ತದೆ. ಜ್ಯೋತಿ ಬರೀ "ಜ" ಆಗುತ್ತಾಳೆ, ಕೃಷ್ಣ ಬರೀ "ಕ". ಯಾರನ್ನಾದರೂ ಕೇಳಿ, ನಿಮ್ಮ ಹೆಸರಿನ ಮೊದಲ ಅಕ್ಷರ ಯಾವುದು ಅಂತ. ಜ್ಯೋತಿ "ಜ" ಅನ್ನುವುದಿಲ್ಲ, "ಜ್ಯೋ" ಅನ್ನುತ್ತಾಳೆ.

ಹಾಗಾಗಿ ಅಕ್ಷರವನ್ನು ನಾವೇ ಬಿಡಿಸಬೇಕು. ನಿಯಮ ಸರಳ. ಸ್ವರದಿಂದ ಶುರುವಾದರೆ ಆ ಸ್ವರ, ಅದರ ನಂತರ ಅನುಸ್ವಾರ ಅಥವಾ ವಿಸರ್ಗ ಇದ್ದರೆ ಅದೂ ಸೇರಲಿ. ವ್ಯಂಜನದಿಂದ ಶುರುವಾದರೆ ಆ ವ್ಯಂಜನ, ಆಮೇಲೆ ವಿರಾಮ ಮತ್ತು ವ್ಯಂಜನದ ಜೋಡಿ ಎಷ್ಟು ಸಲ ಬಂದರೆ ಅಷ್ಟೂ, ಆಮೇಲೆ ಸ್ವರದ ಗುರುತು ಇದ್ದರೆ ಅದು, ಕೊನೆಗೆ ಅನುಸ್ವಾರ ಅಥವಾ ವಿಸರ್ಗ. ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತ ಬಂದರೆ ಅಲ್ಲಿ ನಿಲ್ಲದೆ ಮುಂದೆ ಹೋಗಿ. ಒಂದೇ ಸಾಲಿನ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ (ಪಠ್ಯದಲ್ಲಿ ಹುಡುಕುವ ಮಾದರಿ) ಇದು ಮುಗಿಯುತ್ತದೆ. ಯಾವ ಸಂಕೇತಗಳು ಸೇರಿ ಒಂದು ಅಕ್ಷರ ಅಂತ ಹೇಳುವ ಯೂನಿಕೋಡ್‌ನ ಸಾಮಾನ್ಯ ಗ್ರಾಫೀಮ್ ನಿಯಮದ ಮೇಲೆ ಭಾರ ಹಾಕಬೇಡಿ. 2023ರ 15.1 ಆವೃತ್ತಿಯಲ್ಲಿ ಒತ್ತಕ್ಷರ ಒಡೆಯದಂತೆ ಒಂದು ನಿಯಮ ಸೇರಿಸಿದರು, ಆದರೆ ದೇವನಾಗರಿ, ತೆಲುಗು ಮುಂತಾದ ಕೆಲವೇ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ಎರಡನೆಯದು ಹೆಸರು ಬರೆಯುವ ಕ್ರಮ. ನಮ್ಮಲ್ಲಿ ಊರಿನ, ತಂದೆಯ ಹೆಸರಿನ ಇನಿಷಿಯಲ್ ಮುಂದೆ ಬರುತ್ತದೆ. "ಎಂ. ಎನ್. ಜ್ಯೋತಿ" ಅಂತ ಇದ್ದರೆ ತಯಾರಾದ ವಿಜೆಟ್ ಕೊಡುವುದು "ಎಜ". ಅದು ಯಾರ ಹೆಸರೂ ಅಲ್ಲ. ಮಂಡ್ಯದ ಊರುಗಳವರಲ್ಲಿ "ಎಂ." ಇರುವವರೇ ಅಷ್ಟೊಂದು ಜನ, ಅರ್ಧ ಪಟ್ಟಿ "ಎ"ಯಿಂದ ಶುರುವಾಗುತ್ತದೆ. ಅದಕ್ಕೆ ಚುಕ್ಕಿ ಇರುವ ಪದ ಬಿಡಿ, ಒಂದೇ ಅಕ್ಷರದ ಪದ ಬಿಡಿ, ಉಳಿದದ್ದರಲ್ಲಿ ಮೊದಲ ಪದದ ಮೊದಲ ಅಕ್ಷರ ತೆಗೆಯಿರಿ. ಒಂದೇ ಅಕ್ಷರ ಸಾಕು, ಎರಡು ಬೇಡ. "ಜ್ಯೋ" ತಾನೇ ಅಗಲ ಇದೆ. ಏನೂ ಉಳಿಯದಿದ್ದರೆ ಕೊನೆಯ ಪದವನ್ನೇ ಹಿಡಿಯಿರಿ.

ಆಮೇಲೆ ಕೂರಿಸುವುದು. ಫಾಂಟಿನ ಸಾಲಿನ ಎತ್ತರ ನೋಡಿ ಮಧ್ಯಕ್ಕೆ ಇಟ್ಟರೆ "ಗ" ಸರಿಯಾಗಿ ಕೂರುತ್ತದೆ, "ಶ್ರೀ" ಕೆಳಕ್ಕೆ ಜೋತುಬೀಳುತ್ತದೆ. ಜಿಟಿಕೆಯಲ್ಲಿ ಅಕ್ಷರ ಜೋಡಿಸುವ ಪ್ಯಾಂಗೋ ಎರಡು ಅಳತೆ ಕೊಡುತ್ತದೆ: ಸಾಲಿನ ಅಳತೆ, ಮತ್ತು ಶಾಯಿ ನಿಜಕ್ಕೂ ಬಿದ್ದ ಜಾಗದ ಅಳತೆ. ಎರಡನೆಯದನ್ನು ಹಿಡಿದು ಮಧ್ಯ ಮಾಡಿ. ಶಾಯಿಯ ಅಗಲ ಸುತ್ತಿನ ಶೇ. 60 ಮೀರಿದರೆ ಅಕ್ಷರದ ಅಳತೆ ಇಳಿಸಿ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ತಂತ್ರಾಂಶದ ಜೊತೆಗೇ ಕೊಡಿ, ಯಂತ್ರದಲ್ಲಿ ಏನಿದೆಯೋ ಅದನ್ನು ನಂಬಿ ಕೂರಬೇಡಿ.

ಹಿನ್ನೆಲೆ ಬಣ್ಣವನ್ನು ಹೆಸರಿನಿಂದ ಲೆಕ್ಕ ಹಾಕದೆ ಪ್ರತಿ ಬಳಕೆದಾರರ ಗುರುತಿನ ಸಂಖ್ಯೆಯಿಂದ ಹಾಕಿ. ಹೆಸರಿನಿಂದ ಹಾಕಿದರೆ ಇಬ್ಬರು ಮಂಜುನಾಥರಿಗೆ ಅಕ್ಷರವೂ ಒಂದೇ, ಬಣ್ಣವೂ ಒಂದೇ. ಅಕ್ಷರಕ್ಕೂ ಹಿನ್ನೆಲೆ ಬಣ್ಣಕ್ಕೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಲಿ.

ಎಂಟನೇ ಹೆಜ್ಜೆ: ಉಳಿಸುವುದು

ಹಳೆಯ ತಂತ್ರಾಂಶ ಫೋಟೋದ ಹಾದಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಿತ್ತು. ಪೆನ್‌ಡ್ರೈವ್‌ನಿಂದ ಹಾಕಿದವರ ಚಿತ್ರ ಮರುದಿನ ಮಾಯ. ನಕಲು ಮಾಡಿ ನಿಮ್ಮ ತಂತ್ರಾಂಶದ ಫೋಲ್ಡರಿನಲ್ಲೇ ಇಡಿ. ಮೊದಲು ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸಿ. ನಡುವೆ ಕರೆಂಟ್ ಹೋದರೂ ಹಳೆಯದಾದರೂ ಉಳಿಯುತ್ತದೆ.

ಇಡೀ ಲಿನಕ್ಸ್ ಯಂತ್ರದ ಲಾಗಿನ್ ಪರದೆಗೂ ಅದೇ ಚಿತ್ರ ಹೋಗಬೇಕಾದರೆ ಬಳಕೆದಾರರ ವಿವರ ನೋಡಿಕೊಳ್ಳುವ ಅಕೌಂಟ್ಸ್‌ಸರ್ವೀಸ್ ಎಂಬ ಸೇವೆಗೆ ಡಿ-ಬಸ್ (ತಂತ್ರಾಂಶಗಳು ಒಂದಕ್ಕೊಂದು ಮಾತಾಡುವ ದಾರಿ) ಮೂಲಕ ಸೆಟ್‌ಐಕಾನ್‌ಫೈಲ್ ಅಂತ ಕರೆ ಕಳಿಸಿ. ಅದು ಚಿತ್ರವನ್ನು ತನ್ನ ಜಾಗಕ್ಕೆ ನಕಲು ಮಾಡಿಕೊಳ್ಳುತ್ತದೆ. 1 ಎಂಬಿ ಮೀರಿದ ಕಡತವನ್ನು ಒಪ್ಪುವುದಿಲ್ಲ. 512ರ ಚೌಕದ ಜೆಪೆಗ್ ಆ ಮಿತಿಯೊಳಗೆ ಆರಾಮವಾಗಿ ಹಿಡಿಸುತ್ತದೆ. ಹಳೆಯ ದಾರಿ ಒಂದಿದೆ, ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಚುಕ್ಕಿ ಫೇಸ್ (.face) ಎಂಬ ಅಡಗಿದ ಕಡತ ಇಡುವುದು. ಅದನ್ನೇ ನೆಚ್ಚಿಕೊಳ್ಳಬೇಡಿ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರುಗಳ ಅನುಮತಿ 750, ಅಂದರೆ ಮಾಲೀಕರು ಮತ್ತು ಅವರ ಗುಂಪು ಬಿಟ್ಟು ಬೇರೆಯವರಿಗೆ ಪ್ರವೇಶ ಇಲ್ಲ; ಲಾಗಿನ್ ಪರದೆ ಬೇರೆ ಬಳಕೆದಾರನಾಗಿ ಓಡುವುದರಿಂದ ಅದಕ್ಕೆ ಒಳಗೆ ಇಣುಕಲು ಆಗುವುದಿಲ್ಲ.

"ಚಿತ್ರ ಬೇಡ" ಅಂದಾಗ ಹಳೆಯ ಕಡತ ನಿಜವಾಗಿ ಅಳಿಯಬೇಕು. ಹಿಂದಿನದಕ್ಕೆ ಹೋಗುವ ಪಟ್ಟಿ ಪರದೆಯಿಂದ ಹೋದ ಕ್ಷಣವೇ ಅಳಿಸಿ. ಯಾರಾದರೂ ಓದುವ ಕೊಠಡಿ ಬಿಟ್ಟುಹೋದಾಗಲೂ ಅವರ ಫೋಟೋ ಅವರ ಜೊತೆಗೇ ಹೋಗಲಿ.

ಕೊನೆಯ ಹೆಜ್ಜೆ: ಪರೀಕ್ಷೆ

ಒಂದು ಫೋಲ್ಡರಿನಲ್ಲಿ ಇವನ್ನು ಕೂಡಿಡಿ: ಮಲಗಿದ ಫೋಟೋ, ಪಾಸ್‌ಪೋರ್ಟ್ ಫೋಟೋ, ಇಡೀ ಸಂಸಾರದ ಅಗಲವಾದ ಫೋಟೋ, 60 ಪಿಕ್ಸೆಲ್‌ನ ಪುಟ್ಟ ಚಿತ್ರ, 10 ಎಂಬಿಯ ದೊಡ್ಡದು, ಎಚ್‌ಇಐಸಿ, ಹಿನ್ನೆಲೆ ಪಾರದರ್ಶಕವಾದ ಪಿಎನ್‌ಜಿ, ಚಿತ್ರವೇ ಅಲ್ಲದೆ ಹೆಸರು ಮಾತ್ರ ಜೆಪೆಗ್ ಆಗಿರುವ ಕಡತ. ಹೆಸರುಗಳ ಪಟ್ಟಿಯಲ್ಲಿ ಶ್ರೀಧರ, ಜ್ಯೋತಿ, ಕೃಷ್ಣ, ಐಶ್ವರ್ಯ, ಅಂಬಿಕಾ, ಸ್ತ್ರೀ ಅನ್ನುವಂಥ ಮೂರು ವ್ಯಂಜನದ ಪದ, ಇನಿಷಿಯಲ್ ಇರುವ ಒಂದಿಷ್ಟು, ಚುಕ್ಕಿಯ ಮುಂದೆ ಜಾಗ ಬಿಡದೆ ಬರೆದ "ಕೆ.ಆರ್.ಶಾಂತಮ್ಮ". ಇದು ಕೊನೆಯದು ನನ್ನ ನಿಯಮವನ್ನು ಮುರಿಯಿತು. ಚುಕ್ಕಿಯನ್ನೂ ಪದ ಬೇರೆ ಮಾಡುವ ಗುರುತು ಅಂತ ಹಿಡಿದು, "ಕೆ" ಎಂಬ ಒಂದಕ್ಷರವನ್ನೂ "ಆರ್" ಎಂಬ ವಿರಾಮದಲ್ಲಿ ಮುಗಿಯುವ ತುಂಡನ್ನೂ ಬಿಡಬೇಕಾಯಿತು. ಆಗ "ಶಾಂ" ಸಿಕ್ಕಿತು.

ಮೌಸ್ ತೆಗೆದಿಟ್ಟು ಕೀಬೋರ್ಡಿನಲ್ಲೇ ಒಮ್ಮೆ ಪೂರ್ತಿ ಮಾಡಿ ನೋಡಿ. ಆಮೇಲೆ ಅದೇ ಮೂರು ಜನರನ್ನು ಮತ್ತೆ ಕೂರಿಸಿ, ಮತ್ತೆ ಸುಮ್ನೆ ಕೂತುಕೊಳ್ಳಿ. ಹುಡುಗನಿಗೆ ಈ ಸಲ ಮೂರು ಸಲ ಒತ್ತಿದ್ದು ಸಾಕಾಯಿತು. ಮೇಷ್ಟ್ರು ದೊಡ್ಡ ಚಿತ್ರವನ್ನೇ ಒತ್ತಿದರು, ತೆರೆಯಿತು. ಟೈಲರಿಂಗ್ ಅಕ್ಕ ತಮ್ಮ ಫೋಟೋ ಹಾಕಿ, ಮೂರು ಅಳತೆಯಲ್ಲೂ ನೋಡಿ, ಯೋಚನೆ ಮಾಡಿ ಅದನ್ನು ತೆಗೆದರು. ಹೊಲಿಗೆ ಮೆಷಿನ್ ಚಿತ್ರ ಇಟ್ಟುಕೊಂಡರು.

"ಇದೇ ಇರ್ಲಿ ಬುಡಿ ಸಾ" ಅಂದರು. "ಎಲ್ರೂ ನನ್ನ ಕರೆಯೋದು ಇದ್ರಿಂದ್ಲೇ ಅಲ್ವಾ?"